ಉಪ್ಪಿನೊಳಗೆ ಬದುಕಿದವು

ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಮೇಲೆ ಕಸ್ತೂರಿಬಾಯಿ ಬಹಳ ಹೊತ್ತು ಮಾತಾಡಲಿಲ್ಲ. ಸೊಸೆ ಭಾಗಮ್ಮನಿಗೆ ಹೆದರಿಕೆಯಾದದ್ದು ಅದಕ್ಕೇ. ಅತ್ತೆ ಬೈಯುತ್ತಿದ್ದರೆ ಅವಳು ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ಬೈಗುಳ ಮುಗಿಯುವ ಹೊತ್ತಿಗೆ ಹಿಟ್ಟೂ ಮುಗಿದಿರುತ್ತಿತ್ತು. ಅತ್ತೆ ಸುಮ್ಮನಾದಳೆಂದರೆ ಏನೋ ತೀರ್ಮಾನವಾಯಿತೆಂದೇ ಅರ್ಥ.

ಎಣ್ಣೆ ಹಾಕದೆ ಬರೀ ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಮಾವಿನಕಾಯಿ ಅದು. ನೀರಿನ ಮೇಲೆ ಹಾಲಿನ ಕೆನೆಯಂತೆ ಬೆಳ್ಳಗೆ, ತೆಳ್ಳಗೆ, ಅಲ್ಲಲ್ಲಿ ಸುಕ್ಕುಗಟ್ಟಿದ ಬೂಸು ಹರಡಿತ್ತು.

"ಬಾ ಇಲ್ಲಿ," ಎಂದಳು ಕಸ್ತೂರಿಬಾಯಿ. "ಹಾಂ, ಅಲ್ಲೇ ನಿಂದ್ರು. ಮುಟ್ಟಬ್ಯಾಡ. ಮುಟ್ಟಿದ್ದು ಸಾಕು."

"ನಾ ಮುಟ್ಟಿಲ್ರೀ ಅತ್ತಿ."

"ಮತ್ತ ಇದಕ್ಕ ತಾನೇ ಮುಪ್ಪು ಬಂತೇನು? ಸುಕ್ಕು ಬಿದ್ದದ ನೋಡು."

ಕಲಬುರಗಿಯ ಸ್ಟೇಶನ್ ಬಜಾರಿನ ಹಿಂದಿನ ಓಣಿಯಲ್ಲಿದ್ದ ಆ ಮನೆ ಲಿಂಗವಂತರದು. ಮುಟ್ಟಾದವಳು ಹೊರಗೆ ಕೂರುವ ಪದ್ಧತಿ ಅಲ್ಲಿರಲಿಲ್ಲ. ಅಡುಗೆ, ಪೂಜೆ ಎಲ್ಲವನ್ನೂ ಮಾಡಬಹುದಿತ್ತು. ಉಪ್ಪಿನಕಾಯಿಯ ಕೋಣೆಗೆ ಮಾತ್ರ ಹೋಗುವಂತಿರಲಿಲ್ಲ. ಇದ್ಯಾಕೆ ಹೀಗೆ ಎಂದು ಭಾಗಮ್ಮ ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿಬಿಟ್ಟಿದ್ದಳು. "ಕೊರಳಾಗ ಲಿಂಗ ಇದ್ದಾಕಿಗೆ ಸೂತಕ ಇಲ್ಲ, ಖರೆ," ಎಂದಿದ್ದಳು ಅತ್ತೆ. "ಆದ್ರ ಮಾವಿನಕಾಯಿಗೆ ಯಾರೂ ಲಿಂಗ ಕಟ್ಟಿಲ್ಲಲ್ಲ." ಅಂದಿನಿಂದ ಆ ದಿನಗಳಲ್ಲಿ ಭಾಗಮ್ಮ ಆ ಕೋಣೆಯ ಹೊಸ್ತಿಲನ್ನೂ ತುಳಿದವಳಲ್ಲ. ಈ ಭರಣಿಗೆ ಉಪ್ಪು ಹಾಕಿದ್ದು ಕಸ್ತೂರಿಬಾಯಿಯೇ. ಯಾವಾಗಿನಂತೆ ಹಿಡಿ ಬಿಗಿಮಾಡಿಯೇ ಹಾಕಿದ್ದಳು.

ಗೋಡೆಯಾಚೆಯ ಚಾಂದಬಿಯನ್ನು ಕಸ್ತೂರಿಬಾಯಿ ಕೂಗಿ ಕರೆದಳು. ಸಾಕ್ಷಿ ಬೇಕಾಗಿತ್ತು. ಚಾಂದಬಿ ಬಂದು ಭರಣಿಯೊಳಗೆ ಬಗ್ಗಿ ನೋಡಿ ನಕ್ಕಳು.

"ಇಷ್ಟೇನಾ ಬಾಯಿ? ನಮ್ಮ ಭರಣ್ಯಾಗ ಹರ್ ಸಾಲ್ ಬರ್ತದ. ಚಮಚದಾಗ ತೆಗ್ದು ಚೆಲ್ತೀವಿ, ಕೆಳಗಿಂದು ತಿಂತೀವಿ. ಇನ್ನಾ ಯಾರೂ ಸತ್ತಿಲ್ಲ."

"ನಿಮ್ಮ ಮನಿ ಮಾತು ಬ್ಯಾರೆ ಚಾಂದಬಿ. ನಿಮ್ಮಲ್ಲಿ ಸೊಸ್ತೇರು ನಾಕು ಮಂದಿ ಅದಾರ, ಯಾರ ಕೈ ಅಂತ ಹುಡುಕ್ತೀರಿ? ನನಗ ಇರಾಕಿ ಒಬ್ಬಾಕಿ. ಹುಡುಕೋ ತ್ರಾಸ ಇಲ್ಲ."

ಆ ತ್ರಾಸ ತಪ್ಪಿದ್ದಕ್ಕೆ ಅವಳಿಗೆ ಸಂತೋಷವೇ ಆದಂತಿತ್ತು. ಮದುವೆಯಾಗಿ ವರ್ಷಗಳಾದರೂ ಭಾಗಮ್ಮ ಬಸಿರಾಗಿರಲಿಲ್ಲ. ಮಗನಿಗೆ ಇನ್ನೊಂದು ಹೆಣ್ಣು ತರಬೇಕೆಂದು ಕಸ್ತೂರಿಬಾಯಿ ಮನಸ್ಸಿನಲ್ಲೇ ನೆಂಟರ ಮನೆಗಳನ್ನು ಸುತ್ತಿ ಬಂದಿದ್ದಳು. ನೆವ ಒಂದು ಬೇಕಾಗಿತ್ತು. ಅದೀಗ ಭರಣಿಯಲ್ಲಿ ತೇಲುತ್ತಿತ್ತು.

ಭಾಗಮ್ಮನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಕಮಲಾಪುರದಲ್ಲಿ ಅಪ್ಪ ದೌಲಪ್ಪ ತೀರಿಕೊಂಡ ಮೇಲೆ ಕೆಂಪು ಬಾಳೆಯ ತೋಟ, ಮನೆ ಎರಡೂ ಅಣ್ಣ ದೇವೀಂದ್ರಪ್ಪನ ಕೈಗೆ ಹೋಗಿದ್ದವು. ಅಣ್ಣ ಅಪ್ಪನ ಮಣ್ಣಿನ ದಿನವೇ ಹೇಳಿದ್ದ: "ಪಂಚಮಿಗೆ ಬಾ ತಂಗಿ. ಜೋಕಾಲಿ ಆಡು, ಉಂಡು ಹೋಗು. ಇರಾಕ ಮಾತ್ರ ಬರಬ್ಯಾಡ." ಈ ಮನೆ ಬಿಟ್ಟರೆ ಕಾಲಿಡಲು ಅವಳಿಗೆ ಬೇರೆ ನೆಲವಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಅವಳಿಗಿದ್ದ ಒಂದೇ ಆಸರೆ ಗಂಡ ಗುರುಲಿಂಗಪ್ಪ. ಅವನು ನಿಜಾಮ ಸರಕಾರದ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಮನೆಯಲ್ಲಿ ಧೋತರ, ಶಾಲೆಗೆ ಶೇರವಾನಿ. ಮನೆಯಲ್ಲಿ ಕನ್ನಡ, ಪಾಠವೆಲ್ಲ ಉರ್ದುವಿನಲ್ಲಿ. ಬೇಸಿಗೆ ರಜೆಯಲ್ಲಿ ಶಾಲೆಗೆ ಸುಣ್ಣ ಹೊಡೆಯುತ್ತಾರೆಂದು ಅಲ್ಲಿನ ಖುರ್ದಬೀನನ್ನು, ಎಂದರೆ ಸಣ್ಣದನ್ನು ದೊಡ್ಡದಾಗಿ ತೋರಿಸುವ ಹಿತ್ತಾಳೆಯ ಯಂತ್ರವನ್ನು, ಪೆಟ್ಟಿಗೆ ಸಮೇತ ಮನೆಗೆ ತಂದಿಟ್ಟುಕೊಂಡಿದ್ದ. ತಾಯಿ ಮಲಗಿದ ಮಧ್ಯಾಹ್ನಗಳಲ್ಲಿ ಕಿಟಕಿಯ ಬೆಳಕಿಗೆ ಅದನ್ನು ಹಿಡಿದು ಹೆಂಡತಿಯನ್ನು ಕರೆಯುತ್ತಿದ್ದ. ಅವನು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಮೊದಲು ತೋರಿಸಿದ್ದು ಅಪ್ಪನ ಕೆರೆ ಎಂದು ಕರೆಯುವ ಕಲಬುರಗಿಯ ಕೆರೆಯ ಒಂದು ಹನಿ ನೀರು. ಅದರೊಳಗೆ ಚಪ್ಪಲಿಯ ಆಕಾರದ ಒಂದು ಜೀವಿ ಹೊರಳಾಡುತ್ತಿತ್ತು. ಅದರ ಮೈಯಲ್ಲಿ ಒಂದು ಗುಳ್ಳೆ ಉಬ್ಬುತ್ತಿತ್ತು, ಫಕ್ಕನೆ ಇಲ್ಲವಾಗುತ್ತಿತ್ತು, ಮತ್ತೆ ಉಬ್ಬುತ್ತಿತ್ತು.

"ಎದಿ ಹೊಡ್ಕೊಳ್ಳಾಕತ್ತದೇನ್ರಿ?"

"ಎದಿ ಅಲ್ಲ. ಇದಕ್ಕ ಎದಿ ಇಲ್ಲ, ಹೊಟ್ಟಿ ಇಲ್ಲ, ಕೈಕಾಲಿಲ್ಲ. ಮೈಯೆಲ್ಲಾ ಕೂಡಿ ಒಂದೇ ಕೋಶ. ಕೆರಿ ನೀರು ಸಪ್ಪಗದ, ಇದರ ಒಳಗ ಉಪ್ಪದ. ಅದಕ್ಕ ಹೊರಗಿನ ನೀರು ಸುಮ್ಮನ ಒಳಗ ನುಗ್ತಿರ್ತದ. ನುಗ್ಗಿದ್ದನ್ನ ಆ ಗುಳ್ಳಿ ಹೊರಗ ಚೆಲ್ತಿರ್ತದ."

"ಚೆಲ್ಲಲಿಲ್ಲಂದ್ರ?"

"ಒಡದು ಸಾಯ್ತದ."

ಭಾಗಮ್ಮ ಅದನ್ನು ಮತ್ತೊಮ್ಮೆ ಬಗ್ಗಿ ನೋಡಿದಳು. ಹಗಲೆಲ್ಲ ನುಂಗಿದ್ದನ್ನು ಬಾವಿಕಟ್ಟೆಯ ಹತ್ತಿರ, ಕೊಡ ತುಂಬುವ ಸದ್ದಿನಲ್ಲಿ ಅವಳೂ ಹೀಗೇ ಚೆಲ್ಲಿ ಬರುತ್ತಿದ್ದಳು. ಅದನ್ನು ಗಂಡನಿಗೆ ಹೇಳಲಿಲ್ಲ.

ಭರಣಿ ತೆರೆದ ದಿನ ಗುರುಲಿಂಗಪ್ಪ ಆ ಬೂಸನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಗಾಜಿನ ಮೇಲಿಟ್ಟ. ಬೇಯಿಸಿದ ಸಾಬೂದಾನಿಯಂಥ ದುಂಡು ದುಂಡು ಕಾಳುಗಳು ಕಂಡವು. ಕೆಲವುಗಳ ಪಕ್ಕಕ್ಕೆ ಮೊಳಕೆಯಂತೆ ಸಣ್ಣದೊಂದು ಅಂಟಿಕೊಂಡಿತ್ತು.

"ಇವೂ ಜೀವಿಗಳೇ, ಭಾಗಾ. ಮಾವಿನ ಸಿಪ್ಪಿ ಮ್ಯಾಲೆ ಇರ್ತಾವ, ಗಾಳ್ಯಾಗ ಇರ್ತಾವ. ಯಾರ ಮುಟ್ಟಿಗೂ ಇದಕ್ಕೂ ಸಂಬಂಧ ಇಲ್ಲ."

ಅವಳ ಎದೆಯ ಮೇಲಿಂದ ಕಲ್ಲೊಂದು ಇಳಿದಂತಾಯಿತು. "ಹಂಗಂದ್ರ ಅತ್ತಿಗೆ ಇದನ್ನ ಹೇಳ್ರಿ."

"ಹೇಳ್ತೇನಿ. ಮೊದಲ ಒಂದು ನೋಡೂಣು ತಡಿ."

ಅವನಿಗೆ ಅದರಲ್ಲೇ ಖುಷಿ. ಎರಡು ಬಟ್ಟಲು ತಂದು ಎರಡರಲ್ಲೂ ಬೂಸಿನ ನೀರು ಹಾಕಿದ. ಒಂದಕ್ಕೆ ಒಮ್ಮೆಲೇ ಹಿಡಿ ಉಪ್ಪು ಸುರಿದ. ಇನ್ನೊಂದಕ್ಕೆ ದಿನಾ ಒಂದೊಂದು ಚಿಟಿಕೆ ಹಾಕುತ್ತ ಹೋದ. ಹಿಡಿ ಉಪ್ಪು ಬಿದ್ದ ಬಟ್ಟಲಿನಲ್ಲಿ ಕಾಳುಗಳ ಒಳಗಿನ ನೀರು ಸೋರಿ ಅವು ಮುದುಡಿ ಹೋದವು. ಎಷ್ಟು ದಿನ ಕಾದರೂ ಮತ್ತೆ ತುಂಬಿಕೊಳ್ಳಲಿಲ್ಲ. ಚಿಟಿಕೆಯ ಬಟ್ಟಲಿನಲ್ಲಿ ಅವು ಸೊರಗುವುದು, ಚೇತರಿಸುವುದು, ಮತ್ತೆ ಸೊರಗುವುದು. ಕೊನೆಗೆ ಉಪ್ಪು ಎರಡೂ ಬಟ್ಟಲಿನಲ್ಲಿ ಸಮವಾದಾಗ ಒಂದರಲ್ಲಿ ಹೆಣಗಳು, ಇನ್ನೊಂದರಲ್ಲಿ ಸಂಸಾರ.

"ಹೆಂಗ ಬದುಕಿದ್ವು?" ಎಂದಳು ಭಾಗಮ್ಮ.

"ಇವಕ್ಕ ನೀರು ಚೆಲ್ಲೋ ಗುಳ್ಳಿಯಿಂದ ಉಪಯೋಗ ಇಲ್ಲ. ನೀರು ಹೋಗೂದೇ ಇವುಗಳ ಕಷ್ಟ. ಹೊರಗ ಎಷ್ಟು ಉಪ್ಪದನೋ, ಒಳಗೂ ಅಷ್ಟೇ ಬಿಗುವು ಬರೂಹಂಗ ತಮ್ಮದೇ ಏನೋ ಕೂಡಿಸಿಕೋತಾವ. ಒಳಗ ಹೊರಗ ಸಮ ಆತಂದ್ರ ನೀರು ಹೋಗೂದಿಲ್ಲ."

"ಏನು ಕೂಡಿಸಿಕೋತಾವ?"

"ಅದು ದೊಡ್ಡ ದೊಡ್ಡವರಿಗೂ ಪೂರಾ ಗೊತ್ತಿಲ್ಲ. ಒಂದು ಮಾತು ಖರೆ, ಸಾವಕಾಶ ಕೊಟ್ರ ಮಾತ್ರ ಕೂಡಿಸಿಕೋತಾವ."

ಅಷ್ಟರಲ್ಲಿ ಕಸ್ತೂರಿಬಾಯಿ ಓಣಿಯ ಎದುರಿಗೇ ಭರಣಿಯನ್ನು ತಿಪ್ಪೆಗೆ ಸುರಿಸಿ ಆಗಿತ್ತು. ಸೊಸೆ ತುಂಬಿದ ನೀರನ್ನು ಕುಡಿಯುವುದು ಬಿಟ್ಟಿದ್ದಳು. ಮಗ ಕೊನೆಗೆ ತಾಯಿಯ ಮುಂದೆ ಬಾಯಿಬಿಟ್ಟ. ಅವಳಿಗೆ ನಂಬಿಕೆ ಬರಲೆಂದು ಖುರ್ದಬೀನಿನ ಮುಂದೆ ಕೂರಿಸಿದ. ಭಾಗಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

ಕಸ್ತೂರಿಬಾಯಿ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನೋಡಿದಳು.

"ಅಯ್ಯ ಶಿವನೇ! ಇವು ಜೀವಂತ ಅದಾವೇನೋ?"

"ಹೌದವ್ವ."

"ಒಂದೊಂದು ಮರಿ ಹಾಕ್ಯಾವ?"

"ಹಂಗೇ ಅನ್ನು."

"ಅಷ್ಟು ಉಪ್ಪಿನಾಗೂ ಸತ್ತಿಲ್ಲ?"

"ಅದನ್ನೇ ಹೇಳಾಕತ್ತೀನಿ, ಅವ್ವ. ಇವು ಗಾಳ್ಯಾಗ..."

"ಇನ್ನೇನು ಹೇಳ್ತಿ? ಮುಗೀತು." ಅವಳು ಎದ್ದು ನಿಂತು ಬಾಗಿಲ ಕಡೆ ತಿರುಗಿದಳು. "ನಾ ಬರೀ ಮೈಲಿಗಿ ಅಂದಿದ್ದೆ. ಜೀವಾನೇ ಹಾಕ್ಯಾಳ. ಆಕಿ ಹೊಟ್ಟ್ಯಾಗ ಒಂದು ಕೂಸು ಹುಟ್ಟವಲ್ದು, ಆಕಿ ಮುಟ್ಟಿದ ಭರಣ್ಯಾಗ ಸಾವಿರ ಹುಟ್ಯಾವ! ಉಪ್ಪಿಗೂ ಸಾಯದಂಥವು!"

ಗುರುಲಿಂಗಪ್ಪ ಖುರ್ದಬೀನಿನ ಗಾಜನ್ನು ಧೋತರದ ತುದಿಯಿಂದ ಒರೆಸತೊಡಗಿದ. ಗಾಜು ಸ್ವಚ್ಛವಾಗಿಯೇ ಇತ್ತು. ಅವನು ಒರೆಸುತ್ತಲೇ ಇದ್ದ.

ಸಂಜೆಯ ಹೊತ್ತಿಗೆ ಓಣಿಯ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿತ್ತು. "ನಾ ಹೇಳಿದ್ದಲ್ಲ ತಂಗೀ, ಸರಕಾರದ ಯಂತ್ರ ಹೇಳ್ಯದ. ಕಣ್ಣಾರೆ ನೋಡೀನಿ," ಎನ್ನುತ್ತಿದ್ದಳು ಕಸ್ತೂರಿಬಾಯಿ. ಚಾಂದಬಿ ಕೂಡ ಈ ಸಲ ನಗಲಿಲ್ಲ. ಬಾಳೆಕಾಯಿ ಇಳಿಸಿ ಖಾಲಿ ಹೊರಟಿದ್ದ ಕಮಲಾಪುರದ ಬಂಡಿಯಲ್ಲಿ ಭಾಗಮ್ಮನನ್ನು ಕೂರಿಸಿದರು. ಗಂಡ ಬಾಗಿಲ ತನಕ ಬಂದ. "ಅವ್ವನ ಸಿಟ್ಟು ಇಳೀಲಿ," ಎಂದ.

"ನೀವು ಹೇಳ್ತೇನಿ ಅಂದಿದ್ರಿ."

"ಹೇಳಿದೆ ಅಲ್ಲ? ಆಕಿ ಹಂಗ ತಿಳ್ಕೊಂಡ್ರ ನಾ ಏನು ಮಾಡ್ಲಿ?"

ಬಂಡಿ ಹೊರಟಿತು.

ಕಮಲಾಪುರದಲ್ಲಿ ಅಣ್ಣ ಅವಳನ್ನು ನೋಡಿ, "ಪಂಚಮಿ ಇನ್ನಾ ದೂರ ಅದಲ್ಲ," ಎಂದ. ಅಷ್ಟೇ. ಅವನ ಹೆಂಡತಿಯ ಬಾಯಿಗೆ ಮಾತ್ರ ಹಬ್ಬ ಬಂತು. "ನಮ್ಮ ಬಾಳಿಗಿಡ ಮುಟ್ಟಬ್ಯಾಡ್ರಿ ಮತ್ತ. ಕೆಂಪು ಹೋಗಿ ಬೆಳ್ಳಗಾದಾವು!" ಕೂಲಿಯವರು ನಕ್ಕರು. ಭಾಗಮ್ಮನಿಗೆ ತೋಟದ ಗುಡಿಸಲು ಸಿಕ್ಕಿತು. ಒಣ ಬಾಳೆ ಎಲೆಗಳ ಹಾಸಿಗೆ, ಎಲ್ಲರೂ ಉಂಡ ಮೇಲೆ ರೊಟ್ಟಿ. ಮೊದಮೊದಲು ಕಾಲುವೆಯ ಹತ್ತಿರ ಕುಳಿತು ಅತ್ತಳು. ಒಂದು ದಿನ ಅಣ್ಣನ ಹೆಂಡತಿ ಅಲ್ಲಿಗೂ ಬಂದು, "ನೀರು ಸಾಲವಲ್ದಂತ ಗಿಡಕ್ಕ ಕಣ್ಣೀರು ಬಿಡಾಕತ್ತೀರೇನು?" ಎಂದಳು. ಅಂದಿನಿಂದ ಅಳುವುದು ನಿಂತಿತು.

ಗಂಡ ಹೇಳಿದ್ದು ನಿಜವೋ ಸುಳ್ಳೋ ನೋಡೋಣವೆಂದು ಅವಳು ಗಿಡದಿಂದ ಬಿದ್ದ ಮಾವಿನಕಾಯಿಯನ್ನು ಒಂದು ಕುಡಿಕೆಯ ತೆಳು ಉಪ್ಪುನೀರಿನಲ್ಲಿ ಹಾಕಿಟ್ಟಳು. ಬೇರೆ ಯಾವ ಯೋಚನೆಯೂ ಆಗ ಇರಲಿಲ್ಲ. ಬೂಸು ಬಂತು. ಹತ್ತಿರ ಯಾರೂ ಇರಲಿಲ್ಲ, ಯಾರ ಮುಟ್ಟೂ ಇರಲಿಲ್ಲ. ಅದನ್ನು ಎತ್ತಿ ಗಟ್ಟಿ ಉಪ್ಪುನೀರಿಗೆ ಹಾಕಿದಳು. ನೀರು ತಿಳಿಯಾಗಿ ಉಳಿಯಿತು. ಸತ್ತವಕ್ಕೆ ಅವಳು ಮರುಗಲಿಲ್ಲ. ಮತ್ತೊಮ್ಮೆ ಬೆಳೆಸಿ, ಈ ಸಲ ಸ್ವಲ್ಪವೇ ಹೆಚ್ಚಿನ ಉಪ್ಪಿಗೆ ದಾಟಿಸಿದಳು. ಬದುಕಿದ್ದನ್ನು ಎತ್ತಿ ಇನ್ನೂ ಸ್ವಲ್ಪ ಹೆಚ್ಚಿನದಕ್ಕೆ. ಅಲ್ಲಿ ಉಳಿದದ್ದನ್ನು ಮತ್ತೂ ಹೆಚ್ಚಿನದಕ್ಕೆ. ಗುರುಲಿಂಗಪ್ಪನಿಗೆ ಕೋಟನೂರಿನ ಹುಡುಗಿಯೊಬ್ಬಳ ಜೊತೆ ಮದುವೆಯಾಯಿತೆಂಬ ಸುದ್ದಿ ಬಂಡಿಯವನ ಬಾಯಲ್ಲಿ ಬಂದ ದಿನವೂ ಅವಳು ಕುಡಿಕೆ ಬದಲಿಸುತ್ತಿದ್ದಳು. ಆ ದಿನ ಎಂದಿಗಿಂತ ತುಸು ಜಾಸ್ತಿ ಉಪ್ಪು ಹಾಕಿದಳು.

ಮುಂದಿನ ಬೇಸಿಗೆಗೆ ಕಸ್ತೂರಿಬಾಯಿಯ ಮಂಡಿ ಹಿಡಿದುಕೊಂಡಿತು. ಹೊಸ ಸೊಸೆ ಲಲಿತಾಬಾಯಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಕಲಬುರಗಿಯಿಂದ ಮಾತು ಬಂತು: "ದುಡಿಯಾಕ ಒಬ್ಬಾಕಿ ಬೇಕು. ಬರ್ತಿದ್ರ ಬರ್ಲಿ. ಲಲಿತಾ ಕೆಲಸ ಕಲಿಯೂತನಕ."

ಹೊರಡುವ ಮುನ್ನ ಭಾಗಮ್ಮ ಹಳೆಯ ಸೀರೆಯ ಚೂರೊಂದನ್ನು ಕುಡಿಕೆಯ ಬೂಸಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದಳು. ಅದು ಬಿಳಿ ಬಿಳಿಯಾಗಿ ಗಡುಸಾಯಿತು. ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಕಲಬುರಗಿಯ ಮನೆಯಲ್ಲಿ ಅವಳಿಗೆ ಬೀಸುಕಲ್ಲಿನ ಪಕ್ಕದ ಜಾಗ ಸಿಕ್ಕಿತು. ಲಲಿತಾಬಾಯಿ ಇನ್ನೂ ಹುಡುಗಿ. ಬಾಯಿತುಂಬ ಅಕ್ಕಾ ಅಕ್ಕಾ ಎನ್ನುತ್ತಿದ್ದಳು. ಅತ್ತೆಯ ಕಣ್ಣು ತಪ್ಪಿಸಿ ಬೆಲ್ಲದ ಚೂರು ತಂದು ಭಾಗಮ್ಮನ ಅಂಗೈಗೆ ಒತ್ತುತ್ತಿದ್ದಳು. ರಜೆಯ ಮಧ್ಯಾಹ್ನಗಳಲ್ಲಿ ಕಿಟಕಿಯ ಹತ್ತಿರ ಅವಳ ನಗು ಕೇಳುತ್ತಿತ್ತು. "ಅಯ್ಯ, ಇದರ ಎದಿ ಹೊಡ್ಕೊಳ್ಳಾಕತ್ತದಲ್ರೀ!" ಗುರುಲಿಂಗಪ್ಪ ಅದೇ ಮಾತನ್ನು, ಅದೇ ದನಿಯಲ್ಲಿ ಹೇಳುತ್ತಿದ್ದ: "ಎದಿ ಅಲ್ಲ." ಭಾಗಮ್ಮ ಬೀಸುತ್ತಿದ್ದಳು. ಕಲ್ಲು ನಿಲ್ಲಲಿಲ್ಲ.

ಮಾವಿನಕಾಯಿ ಬಂದವು. "ಈ ಸಲ ಎಲ್ಲಾ ಲಲಿತಾನ ಕೈಲೇ," ಎಂದಳು ಕಸ್ತೂರಿಬಾಯಿ. ಉಪ್ಪನ್ನು ಮಾತ್ರ ತಾನೇ ಹಾಕಿದಳು. ಹಿಡಿ ಬಿಗಿ ಮಾಡಲಿಲ್ಲ. "ಯಾವ ಜೀವಾನೂ ಹುಟ್ಟಬಾರದು, ಅಂಥಾ ಉಪ್ಪು ಹಾಕೀನಿ." ಆಮೇಲೆ ಹಿರಿಯ ಸೊಸೆಯ ಕಡೆ ನೋಡಿದಳು. "ಈ ಭರಣಿ ಛಲೋ ಬಂತಂದ್ರ ಕೋಣಿ ಕೀಲಿ ಲಲಿತಾಗ. ನೀ ನಿನ್ನ ಗಂಟು ಕಟ್ಕೋ. ಇಬ್ಬರಿಗೆ ಉಣ್ಣಾಕ ಹಾಕಾಕ ಇದೇನು ಛತ್ರ ಅಲ್ಲ."

ಲಲಿತಾ ಮುಟ್ಟಾದ ದಿನ ಮಧ್ಯಾಹ್ನ, ಅತ್ತೆ ಮಂಡಿಗೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದಾಗ, ಭಾಗಮ್ಮ ಆ ಕೋಣೆಗೆ ಹೋದಳು. ಸೀರೆಯ ಚೂರನ್ನು ಭರಣಿಯ ಉಪ್ಪುನೀರಿನಲ್ಲಿ ಅದ್ದಿ, ಅಲ್ಲೇ ಹಿಂಡಿ, ಮತ್ತೆ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಹೊಸ್ತಿಲಾಚೆ ಲಲಿತಾ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ, ಅತ್ತೆಯ ಮಾತನ್ನು ಅವಳು ತಪ್ಪದೆ ಪಾಲಿಸುತ್ತಿದ್ದಳು.

"ಬಟ್ಟಿ ಸಡಿಲಾಗಿತ್ತೇನಕ್ಕಾ? ನಾನೇ ಸರಿ ಕಟ್ಟಿಲ್ಲ ಕಾಣ್ತದ. ನೀವು ನೋಡಿದ್ದು ಛಲೋ ಆತು."

"ಹೌದು," ಎಂದಳು ಭಾಗಮ್ಮ. "ಸಡಿಲಾಗಿತ್ತು."

ಭರಣಿ ತೆರೆದ ದಿನ ಕಸ್ತೂರಿಬಾಯಿ ಮತ್ತೆ ಬಹಳ ಹೊತ್ತು ಸುಮ್ಮನಿದ್ದಳು. ಬಿಳಿ ಕೆನೆ ಅಂಚಿನಿಂದ ಅಂಚಿಗೆ ಹರಡಿತ್ತು. ಲಲಿತಾ ಮೊದಲು ಅತ್ತೆಯ ಮುಖ ನೋಡಿದಳು, ಆಮೇಲೆ ಭಾಗಮ್ಮನದು.

"ಅಕ್ಕಾ, ನಾ ಒಳಗ ಹೋಗಿಲ್ಲ. ನಿಮಗ ಗೊತ್ತದ. ನೀವರೆ ಹೇಳ್ರಿ. ನಿಮಗೂ ಹಿಂಗೇ ಆಗಿತ್ತಂತಲ್ಲ..."

ಓಣಿಯ ಹೆಂಗಸರು ಆಗಲೇ ಬಾಗಿಲಿಗೆ ಬಂದಿದ್ದರು. ಭಾಗಮ್ಮ ಸೆರಗು ಸರಿಮಾಡಿಕೊಂಡಳು.

"ಖುರ್ದಬೀನಿನಾಗ ನೋಡ್ರಿ ಅತ್ತಿ," ಎಂದಳು. "ಕಣ್ಣಾರೆ ನೋಡಿದ್ರ ಮಾತೇ ಬ್ಯಾಡ."

ಗುರುಲಿಂಗಪ್ಪ ಮೊದಲು ತಾನು ನೋಡಿದ. ಬಹಳ ಹೊತ್ತು ನೋಡಿದ. ಅಷ್ಟು ಉಪ್ಪಿನಲ್ಲಿ ಅವು ಮುದುಡಿರಲಿಲ್ಲ. ಮೈತುಂಬಿಕೊಂಡು, ಪಕ್ಕಕ್ಕೊಂದು ಮರಿ ಕಟ್ಟಿಕೊಂಡು ಹಾಯಾಗಿದ್ದವು. ಗಾಳಿಯಿಂದ ಬಂದು ಬಿದ್ದವು ಹೀಗಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ತಲೆಯೆತ್ತಿ ಮೊದಲ ಹೆಂಡತಿಯನ್ನು ನೋಡಿದ.

"ಇವಕ್ಕ ಯಾರೋ ಸಾವಕಾಶ ಉಪ್ಪು ಕೊಟ್ಟಾರ," ಎಂದ, ಅವಳಿಗೊಬ್ಬಳಿಗೇ ಕೇಳುವಂತೆ.

"ಹಂಗಂದ್ರ ಅತ್ತಿಗೆ ಅದನ್ನ ಹೇಳ್ರಿ," ಎಂದಳು ಭಾಗಮ್ಮ.

ಅವನ ಕೈ ಧೋತರದ ತುದಿಯನ್ನು ಹುಡುಕಿತು. ಗಾಜನ್ನು ಒರೆಸತೊಡಗಿದ.

ಲಲಿತಾಬಾಯಿಯನ್ನು ಕೋಟನೂರಿಗೆ ಒಯ್ಯಲು ಬಂಡಿ ಬಂದಾಗ ಅವಳು ತೂತು ಬಿದ್ದ ಕೊಡದಂತೆ ಅಳುತ್ತಿದ್ದಳು. ಹತ್ತುವಾಗ ಭಾಗಮ್ಮನ ಕೈ ಹಿಡಿದು, "ನೀವೊಬ್ಬರೇ ಅಕ್ಕಾ ನನ್ನ ಮ್ಯಾಲೆ ಸಿಟ್ಟಾಗಲಿಲ್ಲ," ಎಂದಳು. ಭಾಗಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಈ ಸಲ ಭರಣಿಯನ್ನು ತಿಪ್ಪೆಗೆ ಸುರಿಯಲಿಲ್ಲ. ಸುರಿಯಬೇಕೆಂದು ಕಸ್ತೂರಿಬಾಯಿ ಹೇಳಿದ್ದಳು. ಆದರೆ ಏಳಲಾಗದವಳ ಮಾತಿಗೆ ಮೊದಲಿನ ಕಾಲಿರಲಿಲ್ಲ, ಕೋಣೆಯ ಕೀಲಿ ಭಾಗಮ್ಮನ ಸೊಂಟದಲ್ಲಿತ್ತು. ಅವಳು ಚಮಚದಿಂದ ಬೂಸನ್ನು ಎತ್ತಿ ಚೆಲ್ಲಿದಳು. ಕೆಳಗಿನ ಹೋಳೊಂದನ್ನು ತೆಗೆದು ಅತ್ತೆಯ ರೊಟ್ಟಿಯ ಪಕ್ಕ ಇಟ್ಟಳು.

ಕಸ್ತೂರಿಬಾಯಿ ಕಚ್ಚಿ ಮುಖ ಕಿವಿಚಿದಳು. "ಉಪ್ಪು ಭಾಳ ಆಗ್ಯದಲ್ಲ."

"ರೂಢಿ ಆಗ್ತದ್ರೀ ಅತ್ತಿ," ಎಂದು ಭಾಗಮ್ಮ ಇನ್ನೊಂದು ಹೋಳು ಹಾಕಿದಳು.